ಮೂರು ಕಾರ್ಡು, ಒಂದು ಸ್ಟ್ಯಾಂಪು

ಹಳೆಯ ಚಿತ್ರದ ಪೋಸ್ಟ್‌ಕಾರ್ಡು ಕೂಡಿಡುವುದು ನನ್ನ ಗೀಳು. ಇಂದು ಎಂ.ಜಿ. ರಸ್ತೆಯಾಗಿರುವ ಬೆಂಗಳೂರು ದಂಡಿನ ಸೌತ್ ಪೆರೇಡ್, ಕಬ್ಬನ್ ಪಾರ್ಕು, ಕೋಲಾರದ ಚಿನ್ನದ ಗಣಿ, ಇವುಗಳ ಕಾರ್ಡುಗಳು ಇಂಗ್ಲೆಂಡಿನ ಮನೆಗಳ ಅಟ್ಟದಲ್ಲಿ ಈಗಲೂ ಸಿಗುತ್ತವೆ. ದಂಡಿನಲ್ಲಿದ್ದ ಸೈನಿಕರು, ಕಾರ್ನ್‌ವಾಲಿನಿಂದ ಕೆ.ಜಿ.ಎಫ್.ಗೆ ದುಡಿಯಲು ಹೋದ ಗಣಿ ಕೆಲಸಗಾರರು ತಮ್ಮ ಮನೆಗೆ ಬರೆದು ಹಾಕಿದವು ಅವು. ಹಿಂಬದಿಯಲ್ಲಿ ಒಂದಾಣೆ ಸ್ಟ್ಯಾಂಪು ಇರುತ್ತದೆ. ಈಗ ಮೊಮ್ಮಕ್ಕಳು ಮನೆ ಖಾಲಿ ಮಾಡುವಾಗ ಆನ್‌ಲೈನಿನಲ್ಲಿ ಮಾರುತ್ತಾರೆ, ಲೀಡ್ಸ್‌ನಲ್ಲಿ ಕೂತು ನಾನು ಕೊಳ್ಳುತ್ತೇನೆ.

2025ರ ಬೇಸಿಗೆಯಲ್ಲಿ ಒಬ್ಬರೇ ಮಾರಾಟಗಾರರಿಂದ ಮೂರು ಕಾರ್ಡು ಕೊಂಡೆ. ಒಂದೊಂದರ ಬೆಲೆ 4 ಪೌಂಡ್, ಒಂದೊಂದಕ್ಕೂ ಅಂಚೆ ವೆಚ್ಚ 2.80. ಅಂಚೆಗೆಂದೇ 8.40 ಪೌಂಡ್ ಕಟ್ಟಿದೆ. ಮನೆಗೆ ಬಂದದ್ದು ಒಂದೇ ಲಕೋಟೆ, ಅದರ ಮೇಲೆ ಎರಡನೇ ದರ್ಜೆಯ, ಎಂದರೆ ನಿಧಾನದ ಅಗ್ಗದ ಅಂಚೆಯ, ಒಂದೇ ಸ್ಟ್ಯಾಂಪು. ಆ ಏಪ್ರಿಲ್‌ನಿಂದ ಅದರ ಬೆಲೆ 87 ಪೆನ್ಸ್ ಆಗಿತ್ತು.

ಬರೆದು ಕೇಳಿದೆ. "ಅಂಚೆ ವೆಚ್ಚ ಮೊದಲೇ ಕಾಣುತ್ತಿತ್ತಲ್ಲ, ಒಪ್ಪಿಯೇ ಕೊಂಡಿದ್ದೀರಿ" ಎಂದು ಉತ್ತರ ಬಂತು. ಕಾಣುತ್ತಿತ್ತು ನಿಜ. ಆದರೆ ನನ್ನ ತಕರಾರು ಇರುವುದು ಆ ಹಣಕ್ಕೆ ಇಟ್ಟ ಹೆಸರಿನ ಬಗ್ಗೆ. ಕಾರ್ಡಿಗೆ 4 ಪೌಂಡ್ ಹೇಳಲಿ, 40 ಹೇಳಲಿ, ಅದು ಅವರ ಇಷ್ಟ. ಬೇಕಾದವರು ಕೊಳ್ಳುತ್ತಾರೆ, ಬೇಡದವರು ಬಿಡುತ್ತಾರೆ. ಬೆಲೆ ಎನ್ನುವುದು ಇಷ್ಟದ ಮಾತು, ಅಂಚೆ ವೆಚ್ಚ ಎನ್ನುವುದು ಲೆಕ್ಕದ ಮಾತು. 'ಇದು ನನಗಲ್ಲ, ಅಂಚೆಯವರಿಗೆ' ಎಂದು ಹೇಳಿ ಇಸಿದುಕೊಂಡ ದುಡ್ಡು ಅಂಚೆಗೇ ಹೋಗಬೇಕು.

ಮಾರುವವರ ಕಷ್ಟವೂ ನನಗೆ ಗೊತ್ತು. ಸ್ಟ್ಯಾಂಪು ಒಂದೇ ಅಲ್ಲ. ಕಾರ್ಡಿಗೆ ಪ್ಲಾಸ್ಟಿಕ್ ಚೀಲ, ಮಡಚಿಹೋಗದಂತೆ ಎರಡೂ ಕಡೆ ರಟ್ಟು, ಲಕೋಟೆ, ಅಂಚೆ ಕಚೇರಿಗೆ ಓಡಾಟ ಎಲ್ಲ ಇದೆ. 2006ರಲ್ಲಿ ಬ್ರಿಟನ್ನಿನ ಅಂಚೆ ಸಂಸ್ಥೆ ರಾಯಲ್ ಮೇಲ್ ತೂಕದ ಜೊತೆ ಗಾತ್ರವನ್ನೂ ಅಳೆದು ದರ ಹಾಕುವ ಪದ್ಧತಿ ತಂದ ಮೇಲೆ ದಪ್ಪವೂ ಲೆಕ್ಕಕ್ಕೆ ಬಂತು. 5 ಮಿಲಿಮೀಟರ್ ದಾಟಿದರೆ ಮಾಮೂಲಿ ಪತ್ರವಲ್ಲ, ದೊಡ್ಡ ಪತ್ರ. ಸ್ಟ್ಯಾಂಪು ಕಡಿಮೆ ಬಿದ್ದರೆ ದಂಡ ಕಟ್ಟಬೇಕಾದವರು ಪಡೆಯುವವರು. ಆ ಭಯಕ್ಕೆ ಕೆಲವರು ಒಂದು ಮೆಟ್ಟಿಲು ಮೇಲಿನ ದರವನ್ನೇ ಹಾಕುತ್ತಾರೆ. ಅದರಲ್ಲಿ ತಪ್ಪು ಕಾಣುವುದಿಲ್ಲ. ಒಂದು ಕಾರ್ಡಿಗೆ ಒಂದೂವರೆ, ಎರಡು ಪೌಂಡ್ ಕೇಳಿದರೆ ನಾನು ಮಾತಾಡದೆ ಕೊಡುತ್ತೇನೆ. ಮೂರನ್ನು ಒಂದೇ ಲಕೋಟೆಗೆ ಹಾಕಿ ಮೂರು ಲಕೋಟೆಯ ದುಡ್ಡು ಇಟ್ಟುಕೊಂಡರೆ ಮಾತ್ರ ಅದು ಮೋಸ.

ಹಾಗಾದರೆ 'ಅಂಚೆ ಉಚಿತ' ಎಂದು ಬರೆದವರೇ ವಾಸಿಯೇ? ಅಲ್ಲ. ಅಂಚೆಯವರು ಯಾರಿಗೂ ಬಿಟ್ಟಿ ಹೊರುವುದಿಲ್ಲ. ಆ ವೆಚ್ಚ ಬೆಲೆಯೊಳಗೆ ಸೇರಿರುತ್ತದೆ, ನಾಲ್ಕು ಸಾಮಾನು ಕೊಂಡವನು ನಾಲ್ಕು ಸಲ ಕಟ್ಟುತ್ತಾನೆ, ಬಿಡಿಸಿ ಕೇಳುವ ದಾರಿಯೂ ಇರುವುದಿಲ್ಲ. ಬೆಂಗಳೂರಿನಲ್ಲಿರುವ ತಂಗಿ ಹೇಳುವುದೂ ಇದನ್ನೇ: ತರಕಾರಿ ಆ್ಯಪಿನಲ್ಲಿ ಡೆಲಿವರಿ ಸೊನ್ನೆ, ಕೆಳಗೆ ಹ್ಯಾಂಡ್ಲಿಂಗ್ ಚಾರ್ಜ್ ಬೇರೆ, ಉಚಿತದ ಗೆರೆ ಮುಟ್ಟಲು ಬೇಡದ ಬಿಸ್ಕತ್ತನ್ನೂ ಬುಟ್ಟಿಗೆ ಹಾಕುವುದು.

ನನ್ನ ಮನಸ್ಸಿಗೆ ಒಪ್ಪಿದ ರೀತಿ ಕಂಡದ್ದು ಧಾರವಾಡದಲ್ಲಿ. ಸಾಗರದಲ್ಲಿರುವ ಅಪ್ಪನಿಗೆ ಪುಸ್ತಕ ಕಳಿಸಬೇಕೆಂದು ಅಲ್ಲಿನ ಒಂದು ಪುಸ್ತಕದಂಗಡಿಗೆ ವಾಟ್ಸಾಪಿನಲ್ಲಿ ಪಟ್ಟಿ ಕಳಿಸಿದೆ. "ತೂಕಾ ಮಾಡಿ ಹೇಳ್ತೀನ್ರಿ ಸರ್" ಎಂದರು. ಸಂಜೆಗೆ ತಕ್ಕಡಿಯ ಮೇಲಿಟ್ಟ ಕಟ್ಟಿನ ಫೋಟೋ ಬಂತು, ಅಂಕಿ ಕಾಣುವ ಹಾಗೆ. ಮರುದಿನ ಅಂಚೆ ರಸೀದಿಯ ಫೋಟೋ. ಜೊತೆಗೆ, "12 ರೂಪಾಯಿ ಉಳಿದಾವ್ರಿ, ಮುಂದಿನ ಬಿಲ್ಲಿನಾಗ ಕಡಿಮಿ ಮಾಡ್ತೀನಿ." ಸಂತೆಯಲ್ಲಿ ತೂಗಿದ ಮೇಲೆ ಒಂದು ಹಿಡಿ ಕೊಸರು ಹಾಕುತ್ತಿದ್ದವರನ್ನು ನೋಡಿ ಬೆಳೆದ ನನಗೆ ಆ 12 ರೂಪಾಯಿ ಬಹಳ ದೊಡ್ಡದಾಗಿ ಕಂಡಿತು.

ಅಂಥ ಸಣ್ಣ ಅಂಗಡಿಗಳಿಗೆ ಈಚೆಗೆ ಕಷ್ಟವೂ ಬಂತು. ಕಡಿಮೆ ದರದಲ್ಲಿ ಪುಸ್ತಕ ಕಳಿಸುತ್ತಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತುಹೋಯಿತು. 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಬಂದಿದೆ: 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100, ತೆರಿಗೆ ಬೇರೆ. ದರ ಹೀಗೆ ಎಲ್ಲರಿಗೂ ಗೊತ್ತಿದ್ದರೆ ಕೊಳ್ಳುವವನೂ ಮನೆಯಲ್ಲೇ ಲೆಕ್ಕ ಹಾಕಿಕೊಳ್ಳಬಹುದು.

ಅಂಚೆಯ ನ್ಯಾಯ ಹುಟ್ಟಿದ್ದೇ ಹೀಗೆ ಗೊತ್ತಿರುವ ದರದಿಂದ. 1840ರಲ್ಲಿ ರೋಲೆಂಡ್ ಹಿಲ್ ಅವರ ಯೋಜನೆಯಂತೆ ಬ್ರಿಟನ್ನಿನಲ್ಲಿ ಎಷ್ಟೇ ದೂರವಾದರೂ ಅರ್ಧ ಔನ್ಸ್ ಪತ್ರಕ್ಕೆ ಒಂದು ಪೆನ್ನಿ ಎಂದಾಯಿತು. 1854ರಲ್ಲಿ ಭಾರತದಲ್ಲೂ ದೂರ ನೋಡದೆ ಅರ್ಧ ಆಣೆ, 1879ರಲ್ಲಿ ಪೋಸ್ಟ್‌ಕಾರ್ಡಿಗೆ ಕಾಲಾಣೆ. ಇಂದಿಗೂ ರಾಯಲ್ ಮೇಲ್‌ನಲ್ಲಿ ಲಂಡನ್ನಿಗೂ ಸ್ಕಾಟ್ಲೆಂಡಿನ ದ್ವೀಪಗಳಿಗೂ ಸ್ಟ್ಯಾಂಪು ಒಂದೇ. ಕೆಲವು ಖಾಸಗಿ ಕೊರಿಯರ್‌ಗಳು ಅದೇ ದ್ವೀಪಗಳಿಗೆ ಹೆಚ್ಚುವರಿ ಶುಲ್ಕ ಹಾಕುತ್ತವೆ. ಅಲ್ಲಿಯವರು ಎಷ್ಟೋ ವರ್ಷಗಳಿಂದ ಇದರ ವಿರುದ್ಧ ದೂರುತ್ತಲೇ ಇದ್ದಾರೆ.

ಆನ್‌ಲೈನ್ ಮಾರುಕಟ್ಟೆ ನಡೆಸುವವರಿಗೂ ಇದರಲ್ಲಿ ಹೊಣೆ ಇದೆ. ಹಿಂದೆ ಈಬೇ ಸಾಮಾನಿನ ಬೆಲೆಯ ಮೇಲೆ ಮಾತ್ರ ಕಮಿಷನ್ ಹಿಡಿಯುತ್ತಿದ್ದಾಗ ಬೆಲೆ ಕಡಿಮೆ ಬರೆದು ಅಂಚೆ ವೆಚ್ಚ ಏರಿಸುವವರಿದ್ದರು. ಆಮೇಲೆ ಅಂಚೆಯ ಮೇಲೂ ಕಮಿಷನ್ ಬಂತು, ಆಗ ಪ್ರಾಮಾಣಿಕವಾಗಿ ಸ್ಟ್ಯಾಂಪಿನ ಬೆಲೆಯನ್ನಷ್ಟೇ ಬರೆದವರಿಗೂ ಕೈಯಿಂದ ಹೋಯಿತು. 2024ರ ಅಕ್ಟೋಬರಿನಿಂದ ಬ್ರಿಟನ್ನಿನ ಖಾಸಗಿ ಮಾರಾಟಗಾರರಿಗೆ ಆ ಶುಲ್ಕವನ್ನೇ ತೆಗೆದಿದ್ದಾರೆ. ಇನ್ನು ಅಂಚೆ ವೆಚ್ಚ ಏರಿಸಲು ಆ ನೆಪವೂ ಇಲ್ಲ. ಒಬ್ಬರಿಂದಲೇ ಹಲವು ಸಾಮಾನು ಕೊಂಡರೆ ಅಂಚೆ ವೆಚ್ಚ ತಾನಾಗಿ ಒಟ್ಟುಗೂಡುವಂತೆ ಎಲ್ಲ ಮಾರುಕಟ್ಟೆಗಳೂ ಮಾಡಬೇಕು, ಮಾರುವವರ ಮರ್ಜಿಗೆ ಬಿಡಬಾರದು.

ನನ್ನ ಬಳಿ ಎರಡೆರಡು ಇರುವ ಕಾರ್ಡುಗಳನ್ನು ಈಗ ನಾನೂ ಮಾರುತ್ತೇನೆ. ಹೋದ ತಿಂಗಳು ವೇಲ್ಸಿನ ಒಬ್ಬ ಹಿರಿಯ ಮಹಿಳೆ ನಾಲ್ಕು ಕಾರ್ಡು ಕೊಂಡರು. ಅವರ ತಾತ ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಗಣಿಯಲ್ಲಿದ್ದರಂತೆ. ನಾಲ್ಕರ ಅಂಚೆ ವೆಚ್ಚ ಕಟ್ಟಿದ್ದರು. ಒಂದು ಪತ್ರದ ಲೆಕ್ಕ ಹಿಡಿದು ಉಳಿದದ್ದನ್ನು ಅಂದೇ ಸಂಜೆ ಹಿಂದಿರುಗಿಸಿದೆ. ಮರುದಿನ ಅಂಚೆ ಕಚೇರಿಯಲ್ಲಿ ಲಕೋಟೆ ಅಳತೆಪಟ್ಟಿಯ ಸೀಳಿನಲ್ಲಿ ತೂರಲಿಲ್ಲ. ನಾಲ್ಕು ಕಾರ್ಡು, ಎರಡು ರಟ್ಟು, 5 ಮಿಲಿಮೀಟರ್ ದಾಟಿತ್ತು. ಅಳೆಯದೆ ಲೆಕ್ಕ ಹೇಳಿದವನು ನಾನು, ಹೆಚ್ಚಿನ ದುಡ್ಡನ್ನು ನಾನೇ ಕೊಟ್ಟು ದೊಡ್ಡ ಪತ್ರವಾಗಿ ಕಳಿಸಿದೆ. ಬರುವಾಗ ಅಂಥದೇ ಒಂದು ಅಳತೆಪಟ್ಟಿ ಕೊಂಡು ತಂದು ಮೇಜಿನ ಮೇಲೆ ತಕ್ಕಡಿಯ ಪಕ್ಕ ಇಟ್ಟುಕೊಂಡಿದ್ದೇನೆ.