ಖಾಲಿಯಾಗದ ಫ್ರಿಜ್ಜು

ಮಗಳ ಬಾಣಂತನಕ್ಕೆ ಶಿಕಾಗೋಗೆ ಹೊರಡುವುದು ಸುಲಭ, ಮಾಗಡಿ ರಸ್ತೆಯ ಮನೆಗೆ ಬೀಗ ಹಾಕುವುದೇ ಕಷ್ಟ. ವೀಸಾದವರು ಒಂದೆರಡು ಪ್ರಶ್ನೆ ಕೇಳಿ ಬಿಟ್ಟುಬಿಟ್ಟರು. ತಾವರೆಕೆರೆ ಆಚೆಗಿನ ನಮ್ಮೂರವರು ಮಾತ್ರ ಕೊನೇ ದಿನದವರೆಗೂ ಬಿಡಲಿಲ್ಲ. "ಹದಿನೈದು ಡಿಗ್ರಿಗೇ ನಿಮ್ಮೆಜಮಾನ್ರು ಮಂಕಿ ಟೋಪಿ ಹಾಕ್ತಾರೆ, ಅಲ್ಲಿ ಹಿಮದಾಗೆ ಏನ್ ಮಾಡ್ತಾರೆ?" ಎನ್ನುವುದು ಸಾರ್ವಜನಿಕ ಚಿಂತೆಯಾಗಿತ್ತು.

ನಮ್ಮದು ಹಳೇ ಹೆಂಚಿನ ಮನೆ. ಬಾಗಿಲಿಗೆ ಒಳಗಡೆ ಗಟ್ಟಿ ಅಗಳಿ ಇದೆ. ಹೊರಗಡೆ ಬೀಗ ಹಾಕಲು ಚಿಲಕವೇ ಇಲ್ಲ. ಮನೆಮಂದಿಯೆಲ್ಲ ಒಟ್ಟಿಗೆ ಹೊರಗೆ ಹೋದಾರು ಅಂತ ಕಟ್ಟಿಸಿದವರಿಗೆ ಅನಿಸಿಯೇ ಇರಲಿಲ್ಲವೇನೋ. ಯಾರಾದರೊಬ್ಬ ಮುದುಕಿ ಜಗಲಿಯ ಮೇಲೆ ಇದ್ದೇ ಇರುತ್ತಿದ್ದಳಲ್ಲ! ಈಗ ಆ ಮುದುಕಿ ನಾನು, ನಾನೇ ವಿಮಾನ ಹತ್ತುವವಳು.

ಬಡಗಿ ಬಂದು ಚಿಲಕ ಜಡಿದು ಹೋದ. ಸರಿಯಾಗಿ ಕೂರುತ್ತದೋ ನೋಡೋಣವೆಂದು ಎಜಮಾನರು ಹೊರಗಿನಿಂದ ಹೊಸ ಬೀಗ ಒತ್ತಿದರು. ಬೀಗದ ಕೈ ಒಳಗೆ ನನ್ನ ಬಳಿ. ಕಿಟಕಿಯ ಸರಳಿನಿಂದ ಕೈಚಾಚಿ ಕೊಟ್ಟೆ. "ಎಷ್ಟು ಗಟ್ಟಿಯಾಗಿದೆ ನೋಡು" ಎಂದು ಅವರು ಹೊರಗೇ ನಿಂತು ಮೆಚ್ಚಿಕೊಳ್ಳುತ್ತಿದ್ದರು.

ನಾವು ಹೋಗುವ ಸುದ್ದಿ ಯಾರಿಗೂ ತಿಳಿಯಬಾರದು, ಕಳ್ಳರಿಗೆ ಅನುಕೂಲವಾಗುತ್ತದೆ ಎನ್ನುವುದು ಅವರ ಇನ್ನೊಂದು ಕಟ್ಟಪ್ಪಣೆ. ಮರುದಿನ ಬಸ್ಸಿನ ಕಂಡಕ್ಟರ್ ಟಿಕೆಟ್ ಹರಿಯುತ್ತಾ, "ಫ್ಲೈಟು ರಾತ್ರೀದಾ, ಬೆಳಗಿಂದಾ ಸಾರ್?" ಎಂದು ಕೇಳಿದ.

ಅಡುಗೆಮನೆಯ ಕೆಲಸ ಶುರುವಾಯಿತು. ತೊಗರಿಬೇಳೆಗೆ ಹರಳೆಣ್ಣೆ ಸವರಿದೆ, ಅಕ್ಕಿಗೆ ಒಣಮೆಣಸಿನಕಾಯಿ, ಬೇವಿನೆಲೆ ಹಾಕಿದೆ. ರಾಗಿಗೆ ಏನೂ ಮಾಡಲಿಲ್ಲ. ಅದಕ್ಕೆ ಹುಳವೂ ಹೆದರುತ್ತದೆ. ಉಳಿದದ್ದು ಫ್ರಿಜ್ಜು. ಹೊರಡುವ ಹೊತ್ತಿಗೆ ಅದನ್ನು ಬರಿದು ಮಾಡಿ, ಒರೆಸಿ, ಬಾಗಿಲು ಅರೆ ತೆರೆದಿಡಬೇಕು. ಇಲ್ಲದಿದ್ದರೆ ಒಳಗೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಹೊಸದೇನನ್ನೂ ತರದೆ ಇದ್ದದ್ದನ್ನೇ ತಿಂದು ಮುಗಿಸುವುದೆಂದು ತೀರ್ಮಾನವಾಯಿತು.

ಆದರೆ ಅದು ಡಿಸೆಂಬರು. ಇಬ್ಬನಿ ಬಿದ್ದು ಮಾಗಡಿ ಸೀಮೆಯ ಅವರೆಕಾಯಿಗೆ ಸೊಗಡು ಏರುವ ಕಾಲ. ಬೆಂಗಳೂರಿನವರು ಅವರೆಬೇಳೆ ಮೇಳದಲ್ಲಿ ಸರದಿ ನಿಂತು ತಿನ್ನುವುದನ್ನು ನಮ್ಮೂರಲ್ಲಿ ಸೆರಗಿನಲ್ಲಿ ಕಟ್ಟಿ ತಂದು ಸುರಿಯುತ್ತಾರೆ. ಪಕ್ಕದ ತೋಟದ ಗೌಡ್ತಿ ಮೊದಲ ದಿನ ಒಂದು ಮೊರ ತಂದಳು. "ಬೇಡ ಕಣಮ್ಮ, ಫ್ರಿಜ್ ಖಾಲಿ ಮಾಡ್ತಿದ್ದೀವಿ" ಎಂದೆ. "ಅದ್ಕೇ ತಂದಿವ್ನಿ ಅಕ್ಕ. ಅಮೇರಿಕದಾಗೆ ಈ ಸೊಗಡು ಸಿಕ್ತದಾ?" ಎಂದಳು. ಈ ತರ್ಕಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅವಳು ಕೊಟ್ಟ ಮೇಲೆ ಅವಳ ಓರಗಿತ್ತಿ ಕೊಡದೆ ಇರುತ್ತಾಳೆಯೇ? ಓರಗಿತ್ತಿ ಕೊಟ್ಟಳೆಂದು ಎದುರುಮನೆಯವರು ಕೊಟ್ಟರು. ಹಸಿ ಕಾಯಿ ಅಲ್ಲಿಗೆ ಒಯ್ಯುವಂತಿಲ್ಲ, ಎಸೆದರೆ ಪಾಪ. ಸುಲಿದೆ, ನೆನೆಹಾಕಿದೆ, ಹಿತುಕಿದೆ. ಬೆಳಿಗ್ಗೆ ಅವರೆಕಾಳು ಉಪ್ಪಿಟ್ಟು, ಮಧ್ಯಾಹ್ನ ಹಿತಕಬೇಳೆ ಸಾರು, ರಾತ್ರಿ ಅಕ್ಕಿರೊಟ್ಟಿಯ ಒಳಗೂ ಅದೇ. ತಿಂದಷ್ಟೂ ಫ್ರಿಜ್ಜು ತುಂಬುತ್ತಾ ಹೋಯಿತು. ಎಜಮಾನರ ಹೊಟ್ಟೆಯ ವಿಷಯ ಇಲ್ಲಿ ಬೇಡ.

ಈ ಮಧ್ಯೆ ಪಿಂಚಣಿಗೆ ಜೀವಂತ ಪ್ರಮಾಣಪತ್ರ ಬೇರೆ. ನವೆಂಬರಿನಲ್ಲೇ ಅದನ್ನು ಮುಗಿಸಿದ್ದು ನಮ್ಮ ಪುಣ್ಯ. 2021ರಿಂದ ಫೋನಿಗೆ ಮುಖ ತೋರಿಸಿದರೂ ಸಾಕು, ಬೆರಳಚ್ಚೇ ಬೇಕೆಂದಿಲ್ಲ. ಇವರು ಮಂಕಿ ಟೋಪಿಯಲ್ಲೇ ತೋರಿಸಿದರು. ಟೋಪಿ ತೆಗೆಯುವವರೆಗೂ ಸರ್ಕಾರದ ದೃಷ್ಟಿಯಲ್ಲಿ ಅವರು ಬದುಕಿರಲಿಲ್ಲ.

ಕೊಳವೆಬಾವಿಯ ಮೋಟಾರನ್ನು ತಿಂಗಳುಗಟ್ಟಲೆ ಸುಮ್ಮನೆ ಬಿಟ್ಟರೆ ತುಕ್ಕು, ಮಣ್ಣು ಕೂತು ಜಾಮ್ ಆಗುತ್ತದೆ. ವಾರಕ್ಕೊಮ್ಮೆ ಓಡಿಸಲು ಗೌಡರು ಒಪ್ಪಿದರು. ಸ್ಟಾರ್ಟರಿನ ಪಕ್ಕ ಎಜಮಾನರು ದೊಡ್ಡ ಅಕ್ಷರದಲ್ಲಿ ಒಂದು ಸೂಚನಾಪತ್ರ ಅಂಟಿಸಿದರು: ಹಸಿರು ಗುಂಡಿ ಒತ್ತಿದರೆ ಆನ್, ಕೆಂಪು ಒತ್ತಿದರೆ ಆಫ್. ಗೌಡರು ತಲೆಯಾಡಿಸುತ್ತಾ ಪೂರ್ತಿ ಓದಿದರು. ಆ ಮೋಟಾರು ಇಳಿಸಿ ಇವರಿಗೆ ಗುಂಡಿ ಒತ್ತುವುದು ಕಲಿಸಿದ್ದು ಅವರೇ.

ಹೊರಡುವ ಬೆಳಿಗ್ಗೆ ಉಳಿದ ಅವರೆಯನ್ನೆಲ್ಲ ಕೊಟ್ಟವರಿಗೇ ಹಂಚಿದೆ. ಫ್ರಿಜ್ಜು ಒರೆಸಿ ಬಾಗಿಲು ತೆರೆದಿಟ್ಟಿದ್ದಾಯಿತು, ಮೇನ್ ಸ್ವಿಚ್ ಇಳಿಸಿದ್ದಾಯಿತು. ಒಂದು ಕೀ ಗೌಡ್ತಿಯ ಕೈಗಿಟ್ಟು, ಬೀಗವನ್ನು ಎಜಮಾನರು ಮತ್ತೆ ಮತ್ತೆ ಜಗ್ಗಿ ನೋಡಿ ಕಾರು ಹತ್ತಿದರು.

ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸು 23 ಕಿಲೋ ದಾಟಿತೆಂದು ಅಂಟಿನುಂಡೆಯ ಡಬ್ಬಿಯನ್ನು ಕೈಚೀಲಕ್ಕೆ ತುರುಕುತ್ತಿದ್ದಾಗ ಗೌಡ್ತಿಯ ಫೋನು.

"ಅಕ್ಕಾ, ನಿಮ್ಮನೇಲೇ ಇವ್ನಿ. ಪಾಪ, ಫ್ರಿಜ್ಜು ಬಾಯಿ ಬುಟ್ಕೊಂಡು ನಿಂತಿತ್ತು. ಮೇನ್ ಹಾಕಿ ಆನ್ ಮಾಡ್ದೆ. ನೀವು ಕೊಟ್ಟ ಅವರೆಕಾಳೆಲ್ಲ ಅದ್ರಾಗೇ ಮಡಗಿವ್ನಿ. ಎದುರುಮನೆಯೋರೂ ತರ್ತಾವ್ರೆ."