ಎಎಂ ಧ್ವನಿಯಲ್ಲೇ ಐವತ್ತು ರಾಜ್ಯ: ಪ್ರಶಸ್ತಿಯ ಬೆನ್ನು ಹತ್ತಬೇಕೇ?

ಪರ

ಅಮೆರಿಕದ ಹವ್ಯಾಸಿ ರೇಡಿಯೊ ಸಂಘ ಎಆರ್‌ಆರ್‌ಎಲ್ ಕೊಡುವ ‘ವರ್ಕ್ಡ್ ಆಲ್ ಸ್ಟೇಟ್ಸ್’ ಪ್ರಶಸ್ತಿಗೆ ಐವತ್ತೂ ರಾಜ್ಯಗಳ ಹ್ಯಾಮ್‌ಗಳ (ಹವ್ಯಾಸಿ ರೇಡಿಯೊದವರ) ಜೊತೆ ರೇಡಿಯೊದಲ್ಲಿ ಮಾತಾಡಿ, ಪ್ರತಿಯೊಂದಕ್ಕೂ ಖಾತ್ರಿ ಒದಗಿಸಬೇಕು. ಮಾತು ಹೊತ್ತ ಒಂದೇ ಪಕ್ಕದ ಪಟ್ಟಿಯನ್ನು (ಸೈಡ್‌ಬ್ಯಾಂಡ್) ಕಳಿಸುವ ಎಸ್‌ಎಸ್‌ಬಿಯಲ್ಲಾದರೆ ದೊಡ್ಡ ಸ್ಪರ್ಧೆಗಳ ವಾರಾಂತ್ಯಗಳಲ್ಲೇ ಬಹುಪಾಲು ರಾಜ್ಯಗಳು ಸಿಕ್ಕಿಬಿಡುತ್ತವೆ. ಕ್ಯಾರಿಯರ್ ಎಂಬ ಮೂಲ ಅಲೆಯ ಜೊತೆ ಎರಡೂ ಸೈಡ್‌ಬ್ಯಾಂಡ್ ಕಳಿಸುವ ಹಳೆಯ ವಿಧಾನ ಎಎಂ. ಪೂರ್ತಿ ಅದರಲ್ಲೇ ಮಾಡುತ್ತೇನೆಂದು ಹೊರಟವರಿಗೆ ಬ್ಯಾಂಡ್ (ತರಂಗಪಟ್ಟಿ), ಹೊತ್ತು, ಯಂತ್ರ ಮೂರನ್ನೂ ಅರಿಯದೆ ಬೇರೆ ದಾರಿಯಿಲ್ಲ. ಈ ಪ್ರಯತ್ನ ಬೆಲೆಯುಳ್ಳದ್ದು ಎನ್ನುವುದು ಆ ಕಾರಣಕ್ಕೇ.

ಎಎಂ ಮಾತಾಡುವವರು ಅಲ್ಲಿ ಗೊತ್ತಾದ ತಾಣಗಳಲ್ಲಿ ಸೇರುತ್ತಾರೆ: 3.885, 7.290, 14.286 ಮೆಗಾಹರ್ಟ್ಸ್, ಮತ್ತೆ 29.0ರಿಂದ 29.2ರವರೆಗೆ. ಹಗಲಲ್ಲಿ 7.290ರಲ್ಲಿ ಕೆಲವು ನೂರು ಕಿಲೋಮೀಟರ್ ಆಚೆಯ ರಾಜ್ಯಗಳು, ಕತ್ತಲಾದ ಮೇಲೆ 3.885ರಲ್ಲಿ ಇನ್ನಷ್ಟು. ಪೂರ್ವ ಕರಾವಳಿಯಲ್ಲಿ ಇರುವವರಿಗೆ ಅಲಾಸ್ಕಾ, ಹವಾಯಿ ಎರಡೇ ನಿಜವಾದ ಬೆಟ್ಟ. ಅವು ಸಿಗುವುದು ಹೆಚ್ಚಾಗಿ 29 ಮೆಗಾಹರ್ಟ್ಸ್‌ನಲ್ಲಿ, ಅದೂ ಸೂರ್ಯ ಚುರುಕಾಗಿರುವ ವರ್ಷಗಳಲ್ಲಿ. 25ನೇ ಸೌರಚಕ್ರ 2024ರ ಆಸುಪಾಸಿನಲ್ಲಿ ತುದಿ ಮುಟ್ಟಿತು. ಇಳಿಮುಖ ಪೂರ್ತಿಯಾಗುವ ಮೊದಲೇ ಈ ಎರಡನ್ನು ಮುಗಿಸಿಕೊಳ್ಳಬೇಕು. ಬ್ಯಾಂಡ್ ತೆರೆದಿದ್ದರೆ, ಅಂದರೆ ಅಲೆಗಳು ದೂರ ಮುಟ್ಟುವ ಹೊತ್ತಾಗಿದ್ದರೆ, 25 ವಾಟ್ ಕ್ಯಾರಿಯರ್, ತುದಿಯಿಂದ ತುದಿಗೆ 4.9 ಮೀಟರ್ ಇರುವ ಡೈಪೋಲ್ ಆಂಟೆನಾ ಸಾಕು.

ಇನ್ನು ಯಂತ್ರ. ಹೀತ್‌ಕಿಟ್ ಡಿಎಕ್ಸ್-100 ಅಥವಾ ಜಾನ್ಸನ್ ವೈಕಿಂಗ್ ರೇಂಜರ್‌ನಂಥ ಹಳೆಯ ವಾಲ್ವ್ ಟ್ರಾನ್ಸ್‌ಮಿಟರ್ ಕೈಗೆ ಬಂದರೆ ಆತುರಪಟ್ಟು ಮೇನ್ಸ್‌ಗೆ ಹಾಕಬೇಡಿ. ಮೊದಲು ಎಲೆಕ್ಟ್ರೋಲಿಟಿಕ್, ಮೇಣ-ಕಾಗದದ ಕೆಪಾಸಿಟರ್‌ಗಳನ್ನೆಲ್ಲ ಬದಲಾಯಿಸಿ. ಆಡಿಯೋ ಹಂತಗಳ ನಡುವಿನ ಕಪ್ಲಿಂಗ್ ಕೆಪಾಸಿಟರ್ ಸೋರಿದರೆ ಮುಂದಿನ ವಾಲ್ವ್‌ನ ಗ್ರಿಡ್‌ಗೆ ಧನ ವೋಲ್ಟೇಜ್ ಹೋಗಿ ಪ್ಲೇಟ್ ಕೆಂಪಗೆ ಕಾಯುತ್ತದೆ. ವಾಲ್ವ್ ಮಾತ್ರವಲ್ಲ, ಟ್ರಾನ್ಸ್‌ಫಾರ್ಮರ್ ಕೂಡ ಹೋಗುತ್ತದೆ. ಆಮೇಲೆ ಆಂಟೆನಾ ಬದಲು ಶಕ್ತಿ ಹೀರಿಕೊಳ್ಳುವ ಡಮ್ಮಿ ಲೋಡ್ ಜೋಡಿಸಿ, ಪ್ಲೇಟ್ ಕರೆಂಟ್ ತೀರ ಕೆಳಗಿಳಿಯುವ ಜಾಗಕ್ಕೆ ಟ್ಯೂನ್ ಮಾಡಿ, ಲೋಡಿಂಗ್ ಏರಿಸಿ, ಮತ್ತೆ ಟ್ಯೂನ್ ಸರಿಮಾಡಿ. ಆಡಿಯೋ ಕೊಡುವುದು ಇದಿಷ್ಟಾದ ಮೇಲೆಯೇ. ಅಂತಿಮ ಹಂತ ಕರೆಂಟ್ ಎಳೆಯದೆ ಇರುವಾಗ ಮೈಕಿನಲ್ಲಿ ಮಾತಾಡಿದರೆ, ಧ್ವನಿಯನ್ನು ಕ್ಯಾರಿಯರ್‌ಗೆ ಸೇರಿಸುವ ಮಾಡ್ಯುಲೇಶನ್ ಟ್ರಾನ್ಸ್‌ಫಾರ್ಮರ್‌ಗೆ ಹೊರೆಯೇ ಇರುವುದಿಲ್ಲ. ವೋಲ್ಟೇಜ್ ಮೇಲೇರಿ ಸುರುಳಿಗಳ ನಡುವೆ ಕಿಡಿ ಹಾರುತ್ತದೆ, ಇನ್ಸುಲೇಶನ್ ಸುಡುತ್ತದೆ. ಆ ಟ್ರಾನ್ಸ್‌ಫಾರ್ಮರ್‌ಗೆ ಬದಲಿ ಸಿಗುವುದು ಬಹಳ ಕಷ್ಟ.

ಮಾಡ್ಯುಲೇಶನ್ ಅಳೆಯಲು ಮೀಟರ್ ನಂಬಬೇಡಿ, ಆಸಿಲೋಸ್ಕೋಪ್ ಇಡಿ. ಅದರ ಪರದೆಯಲ್ಲಿ ಕಾಣುವ ಟ್ರೆಪಿಜಾಯ್ಡ್ ಆಕೃತಿಯ ಕಿರಿದಾದ ಬದಿ ಒಂದು ಚೂಪು ಬಿಂದುವಾದರೆ ನೂರು ಶೇಕಡ. ಆ ಬಿಂದುವಿನಿಂದ ಬಾಲದಂತೆ ಗೆರೆ ಹೊರಟಿತೋ, ಕ್ಯಾರಿಯರ್ ಕ್ಷಣಕಾಲ ಕಡಿದುಹೋಗುತ್ತಿದೆ, ಅಕ್ಕಪಕ್ಕದವರಿಗೆ ಕರಕರ ಶಬ್ದ ಹಬ್ಬುತ್ತಿದೆ ಎಂದರ್ಥ.

ಮಾತಾಡಿದ್ದಕ್ಕೆ ಖಾತ್ರಿಯಾಗಿ ಎದುರಿನವರು ಕಳಿಸುವ ಕಾರ್ಡಿನ ವಿಷಯದಲ್ಲಿ ಒಂದು ಎಚ್ಚರ. ಹಲವರು ನಿಮ್ಮ ಎಎಂ ಕೇಳಿ ಎಸ್‌ಎಸ್‌ಬಿಯಲ್ಲಿ ಉತ್ತರಿಸುತ್ತಾರೆ. ಅದು ಎರಡು ಕಡೆಯ ಎಎಂ ಅಲ್ಲ. ಎಎಂನಲ್ಲೇ ಮಾತಾಡಿದವರು ಕೂಡ ಅಭ್ಯಾಸಬಲದಿಂದ ಲಾಗ್‌ನಲ್ಲಿ (ಸಂಪರ್ಕಗಳ ದಾಖಲೆಯಲ್ಲಿ) ಎಸ್‌ಎಸ್‌ಬಿ ಎಂದು ಬರೆದುಬಿಡುತ್ತಾರೆ. ವಿದಾಯ ಹೇಳುವ ಮೊದಲೇ ‘ಲಾಗ್‌ನಲ್ಲಿ ಎಎಂ ಎಂದೇ ಹಾಕಿ’ ಎಂದು ಕೇಳಿಕೊಂಡರೆ ತಿಂಗಳುಗಳ ಪತ್ರವ್ಯವಹಾರ ಉಳಿಯುತ್ತದೆ.

ವಿರೋಧ

ಎಎಂ ಬೇಡ ಎನ್ನುವವರಲ್ಲ ನಾವು. ಪ್ರಶಸ್ತಿಯ ಲೆಕ್ಕಕ್ಕೆ ಅದನ್ನು ಕಟ್ಟಿಹಾಕುವುದು ಬೇಡ ಎನ್ನುತ್ತೇವೆ.

ಮೊದಲು ಅಂಕಿ ನೋಡೋಣ. ಶಿಖರ ಶಕ್ತಿ 100 ವಾಟ್ ಇರುವ ಈಗಿನ ಸೆಟ್ಟಿನಲ್ಲಿ ಎಎಂ ಕ್ಯಾರಿಯರ್ 25 ವಾಟ್ ಮೀರಬಾರದು. ಪೂರ್ಣ ಮಾಡ್ಯುಲೇಶನ್‌ನಲ್ಲಿ ಮಾತು ಹೊತ್ತೊಯ್ಯುವ ಒಂದೊಂದು ಸೈಡ್‌ಬ್ಯಾಂಡಿಗೆ ಸಿಗುವುದು 6.25 ವಾಟ್. ಅದೇ ಸೆಟ್ಟು ಎಸ್‌ಎಸ್‌ಬಿಯಲ್ಲಿ ಪೂರ್ತಿ 100 ವಾಟನ್ನೂ ಒಂದೇ ಸೈಡ್‌ಬ್ಯಾಂಡಿಗೆ ಹಾಕುತ್ತದೆ. ವ್ಯತ್ಯಾಸ ಹದಿನಾರು ಪಟ್ಟು, ಅಂದರೆ 12 ಡೆಸಿಬೆಲ್. ಎರಡೂ ಸೈಡ್‌ಬ್ಯಾಂಡ್ ಕೂಡಿಸಿ ಕೇಳುವ ಒಳ್ಳೆಯ ರಿಸೀವರ್ ಇದ್ದರೂ ಸುಮಾರು 9 ಡೆಸಿಬೆಲ್ ಹಿಂದೆಯೇ. ಮೇಲೆ ಆರು ಕಿಲೋಹರ್ಟ್ಸ್ ಜಾಗ ಬೇಕು. ಅಷ್ಟರಲ್ಲಿ ಇಬ್ಬರು ಎಸ್‌ಎಸ್‌ಬಿಯವರು ಮಾತಾಡಬಹುದು. ದೂರದ ದುರ್ಬಲ ನಿಲ್ದಾಣವನ್ನು ಹಿಡಿಯುವ ಕೆಲಸಕ್ಕೆ ಎಎಂ ಹೇಳಿಮಾಡಿಸಿದ್ದಲ್ಲ.

ಎಎಂನ ಸೊಗಸು ಇರುವುದು ಬೇರೆ ಕಡೆ. 3.885ರಲ್ಲಿ ನಾಲ್ಕೈದು ಮಂದಿ ಸುತ್ತುಸರದಿಯಲ್ಲಿ ಹತ್ತತ್ತು ನಿಮಿಷ ಮಾತಾಡುತ್ತಾರೆ: ಒಬ್ಬರ 813 ವಾಲ್ವ್ ಹೇಗೆ ಕೆಲಸ ಮಾಡುತ್ತಿದೆ, ಇನ್ನೊಬ್ಬರ ಮೈಕಿನ ತಗ್ಗು ಸ್ವರ ಹೆಚ್ಚಾಯಿತೇ. ಅಲ್ಲಿಗೆ ನುಗ್ಗಿ ‘ಐದು-ಒಂಬತ್ತು, ಮೊಂಟಾನಾ ಬೇಕಿತ್ತು, ಧನ್ಯವಾದ’ ಎಂದು ಸಂಕೇತದ ಅಂಕ, ರಾಜ್ಯದ ಹೆಸರಷ್ಟೇ ಹೇಳಿ ಹೊರಟುಹೋಗುವವರಿಂದ ಆ ಕೂಟ ಕೆಡುತ್ತದೆ. ಲೆಕ್ಕದ ಆಸೆ ಹುಟ್ಟಿದ ಮೇಲೆ ಈ ಅವಸರ ತಾನಾಗಿ ಬರುತ್ತದೆ.

ಪ್ರಶಸ್ತಿ ಏನನ್ನು ಸಾಬೀತು ಮಾಡುತ್ತದೆ ಎಂಬುದೂ ಪ್ರಶ್ನೆಯೇ. ನೂರು ದೇಶಗಳನ್ನು ಮುಟ್ಟಿದವರಿಗೆ ಎಆರ್‌ಆರ್‌ಎಲ್ ಕೊಡುವ ಡಿಎಕ್ಸ್‌ಸಿಸಿ ಪ್ರಶಸ್ತಿಯಲ್ಲಿ ಎಎಂಗೆ ಬೇರೆ ವಿಭಾಗವಿಲ್ಲ, ಅದು ‘ಫೋನ್’ (ಧ್ವನಿ) ಪಟ್ಟಿಯಲ್ಲಿ ಎಸ್‌ಎಸ್‌ಬಿಯ ಜೊತೆಗೇ ಸೇರುತ್ತದೆ. ನೂರು ದೇಶಗಳನ್ನು ಎಎಂನಲ್ಲೇ ಮುಟ್ಟಿದವರ ಪ್ರಮಾಣಪತ್ರ ಉಳಿದವರದ್ದರ ಹಾಗೆಯೇ ಕಾಣುತ್ತದೆ. ಹಳೆಯ ಯಂತ್ರ ಬಳಸಿದ್ದೀರೋ, ಹೊಸ ಸೆಟ್ಟಿನ ಎಎಂ ಗುಂಡಿ ಒತ್ತಿದಿರೋ ಎಂದು ಕಾರ್ಡ್ ಹೇಳುವುದಿಲ್ಲ. ಎದುರಿನವರು ಎರಡು ನಿಮಿಷಕ್ಕೆಂದು ಆ ಗುಂಡಿ ಒತ್ತಿದರೂ ಲೆಕ್ಕ ಒಂದೇ.

ಹಳೆಯ ಯಂತ್ರದಲ್ಲೇ ಹೊರಟವರಿಗೆ 29 ಮೆಗಾಹರ್ಟ್ಸ್‌ನಲ್ಲಿ ಇನ್ನೊಂದು ತೊಡಕು. ಹಲವು ಟ್ರಾನ್ಸ್‌ಮಿಟರ್‌ಗಳಲ್ಲಿ ಆವರ್ತನ ಹುಟ್ಟಿಸುವ ಭಾಗವಾದ ವಿಎಫ್‌ಓ 7 ಮೆಗಾಹರ್ಟ್ಸ್ ಸುತ್ತ ಓಡುತ್ತದೆ, ಅದನ್ನು ನಾಲ್ಕು ಪಟ್ಟು ಮಾಡಿ ಮೇಲಿನ ಬ್ಯಾಂಡಿಗೆ ತರುತ್ತಾರೆ. ವಿಎಫ್‌ಓ 300 ಹರ್ಟ್ಸ್ ಜಾರಿದರೆ ಆಂಟೆನಾದಲ್ಲಿ 1200 ಹರ್ಟ್ಸ್ ಜಾರುತ್ತದೆ. ಅರ್ಧ ಗಂಟೆ ಕಾಯಿಸದೆ ಕರೆದರೆ ಮಾತಿನ ನಡುವೆಯೇ ಕೇಳುಗರ ಫಿಲ್ಟರ್‌ನ ಅಂಚಿಗೆ ಸರಿಯುತ್ತೀರಿ. ಬ್ಯಾಂಡ್ ಹತ್ತು ನಿಮಿಷ ಮಾತ್ರ ತೆರೆದ ದಿನ ಆ ಅರ್ಧ ಗಂಟೆ ಎಲ್ಲಿಂದ ತರುವುದು?

ನಮ್ಮ ಕಡೆಯವರಿಗಂತೂ ದಾರಿ ಇನ್ನೂ ಕಿರಿದು. 7 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಭಾರತದ ಹ್ಯಾಮ್‌ಗಳಿಗೆ ಕೊಟ್ಟಿರುವುದು 7.0ರಿಂದ 7.2, ಹಾಗಾಗಿ 7.290ರಲ್ಲಿ ಬೆಂಗಳೂರಿನಿಂದ ಕೇಳಬಹುದೇ ಹೊರತು ಕರೆಯುವಂತಿಲ್ಲ, 3.885 ಕೂಡ ಮಿತಿಯ ಹೊರಗೆ. ಉಳಿಯುವುದು 14.286 ಮತ್ತು 29 ಮೆಗಾಹರ್ಟ್ಸ್. ಎಎಂ ಮೇಲೆ ಪ್ರೀತಿ ಇರುವವರು 29ರಲ್ಲಿ ಒಂದು ಡೈಪೋಲ್ ಕಟ್ಟಿ, 25 ವಾಟ್ ಕ್ಯಾರಿಯರ್ ಇಟ್ಟು, ಸಿಕ್ಕವರ ಜೊತೆ ಪೂರ್ತಿ ಮಾತಾಡಲಿ, ಅವರು ಯಾವ ರಾಜ್ಯದವರೇ ಆಗಿರಲಿ.