ಹಳದಿ ಚೌಕದ ಮಹಿಮೆ

ಉಪ್ಪುನೀರಿನ ಅಕ್ವೇರಿಯಂ ಇಡುವ ಹುಮ್ಮಸ್ಸು ಬಂದವರ ಕೈಗೆ ಮೊದಲು ಸಿಗುವುದು ಮೀನಲ್ಲ, ಒಂದು ಚಾರ್ಟ್. ಯಾವ ಮೀನಿನ ಜೊತೆ ಯಾವ ಮೀನು ಬಾಳುತ್ತದೆ ಅಂತ ಹೇಳುವ ಚಾರ್ಟ್. ಎಡಗಡೆ ಮೀನುಗಳ ಹೆಸರು, ಮೇಲೂ ಅವೇ ಹೆಸರು, ನಡುವೆ ಬಣ್ಣದ ಚೌಕಗಳು. ಹಸಿರಿದ್ದರೆ ಸೈ. ಕೆಂಪಿದ್ದರೆ ಬೇಡ. ಹಳದಿ ಇದ್ದರೆ ‘ಎಚ್ಚರಿಕೆಯಿಂದ ಸಾಕಬಹುದು’.

ಎಚ್ಚರಿಕೆಯಿಂದ ಅಂದರೆ ಯಾರು? ಕಚ್ಚುವ ಮೀನೋ, ಕಚ್ಚಿಸಿಕೊಳ್ಳುವ ಮೀನೋ? ಇಬ್ಬರಿಗೂ ಓದು ಬರಹ ಬರುವುದಿಲ್ಲ. ಉಳಿದವರು ನೀವು. ಅಂದರೆ ರಾತ್ರಿಯೆಲ್ಲ ಗಾಜಿಗೆ ಮೂಗು ಒತ್ತಿಕೊಂಡು ಕೂತು, ಒಂದು ಇನ್ನೊಂದರ ಬೆನ್ನು ಹತ್ತಿದಾಗ ‘ಏಯ್, ಬಿಡು’ ಅನ್ನಬೇಕು. ಅಡ್ಡಗೋಡೆ ಮೇಲೆ ದೀಪ ಇಡುವುದನ್ನು ಇಷ್ಟು ಬಣ್ಣ ಬಳಿದು ಯಾರೂ ಮಾಡಿರಲಿಕ್ಕಿಲ್ಲ. ಮೀನು ಬದುಕಿದರೆ, ಸಾಕಬಹುದು ಅಂತ ಹೇಳಿದ್ದೆವು. ಸತ್ತರೆ, ಎಚ್ಚರಿಕೆ ಅಂತಲೂ ಹೇಳಿದ್ದೆವಲ್ವಾ?

ಟ್ಯಾಂಗ್ ಜೊತೆ ಟ್ಯಾಂಗ್ ಬಿಡಬಹುದೇ ಅಂತ ನೋಡಿ. ಹಳದಿ. ಟ್ಯಾಂಗ್ ಅಂದರೆ ಬಾಲದ ಬುಡದಲ್ಲಿ ಎರಡೂ ಕಡೆ ಚೂಪಾದ ಅಲಗು ಇಟ್ಟುಕೊಂಡು ಓಡಾಡುವ ಮೀನು. ಅದಕ್ಕೇ ಅದರ ಕುಲಕ್ಕೆ ಸರ್ಜನ್ ಫಿಶ್ ಅಂತ ಹೆಸರು. ಒಂದು ಹಳದಿ ಟ್ಯಾಂಗ್ ಟ್ಯಾಂಕಿನಲ್ಲಿ ನೆಲೆಯೂರಿದ ಮೇಲೆ ಅದೇ ಆಕಾರದ ಇನ್ನೊಂದನ್ನು ಬಿಟ್ಟರೆ, ಸರ್ಜನ್ ಸಾಹೇಬರು ಪಕ್ಕಕ್ಕೆ ತಿರುಗಿ ಬಾಲ ಬೀಸಿ ಆಪರೇಷನ್ ಶುರು ಮಾಡುತ್ತಾರೆ. ಇದಕ್ಕೆ ಅನುಭವಿಗಳ ಬಳಿ ಒಂದು ಉಪಾಯವಿದೆ. ಗಾಜಿನ ಹೊರಗೆ ಕನ್ನಡಿ ಅಂಟಿಸಿ. ಹಳೇ ಟ್ಯಾಂಗ್ ತನ್ನ ಮುಖದ ಮೇಲೆ ತಾನೇ ಕಾಲು ಕೆರೆದು ಜಗಳಕ್ಕೆ ನಿಲ್ಲುತ್ತದೆ (ಕಾಲಿಲ್ಲ, ಬಿಡಿ). ಅಷ್ಟರಲ್ಲಿ ಹೊಸದು ಹೊಂದಿಕೊಳ್ಳುತ್ತದೆ. ಎಷ್ಟೋ ಸಲ ಇದು ಕೆಲಸವನ್ನೂ ಮಾಡುತ್ತದೆ. ಆದರೆ ಕನ್ನಡಿ ಹಿಡಿದು ಶಾಂತಿ ಕಾಪಾಡುವ ಪರಿಸ್ಥಿತಿಗೆ ‘ಹೊಂದಾಣಿಕೆ’ ಅಂತ ಹೆಸರಿಡಲು ಧೈರ್ಯ ಬೇಕು.

ಹಸಿರು ಚೌಕಗಳ ಕಥೆ ಇನ್ನೂ ಸೊಗಸು. ಹಸಿರು ಕ್ರೋಮಿಸ್ ಅಂತ ಒಂದು ಮೀನಿದೆ. ಶಾಂತ ಸ್ವಭಾವ, ಗುಂಪಿನಲ್ಲೇ ಇರಬೇಕು, ಒಂಟಿಯಾಗಿ ಸಾಕಬೇಡಿ ಅಂತ ಎಲ್ಲರೂ ಹೇಳುತ್ತಾರೆ. ಸರಿ, ಏಳು ತಂದು ಬಿಡುತ್ತೀರಿ. ಬೆಳಕು ಬಿದ್ದಾಗ ಮೈ ಹಸಿರು ನೀಲಿಯಾಗಿ ಮಿನುಗುತ್ತಾ ಒಟ್ಟಿಗೆ ತಿರುಗುತ್ತವೆ. ಮನೆಗೆ ಬಂದವರೆಲ್ಲ ‘ಎಷ್ಟು ಚೆಂದ’ ಅನ್ನುತ್ತಾರೆ. ಕೆಲವು ದಿನ ಕಳೆದು ಎಣಿಸಿದರೆ ಆರು. ಹೆಣವೂ ಸಿಗುವುದಿಲ್ಲ, ಏಡಿಗಳು ಸ್ವಚ್ಛ ಮಾಡಿರುತ್ತವೆ. ಆಮೇಲೆ ಐದು. ಗುಂಪಿನೊಳಗೇ ಮೇಲು ಕೀಳು ಇದೆ, ಮೇಲಿನವನು ಕೆಳಗಿನವನನ್ನು ಕಾಡುತ್ತಾನೆ. ಸಮುದ್ರದಲ್ಲಿ ಇವು ಹವಳದ ಮೇಲೆ ನೂರಾರು ಇರುತ್ತವೆ. ಪೆಟ್ಟು ಹಲವರಿಗೆ ಹಂಚಿಹೋಗುತ್ತದೆ, ಓಡಿಹೋಗಲು ಜಾಗವೂ ಇರುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಎಲ್ಲ ಪೆಟ್ಟೂ ಕಡೆಯ ಸ್ಥಾನದವನಿಗೇ. ಅವನು ಹೋದ ಮೇಲೆ ಅವನ ಮೇಲಿನವನು ಕಡೆಯವನಾಗುತ್ತಾನೆ. ಹೀಗೇ ಸಾಗಿ ಎಷ್ಟೋ ಟ್ಯಾಂಕುಗಳಲ್ಲಿ ಕೊನೆಗೆ ಉಳಿಯುವುದು ಒಂದೇ ಕ್ರೋಮಿಸ್. ಅದು ಮಾತ್ರ ನಿಜವಾಗಿ ಶಾಂತ ಸ್ವಭಾವದ್ದು. ಜಗಳಕ್ಕೆ ಯಾರೂ ಉಳಿದಿಲ್ಲವಲ್ಲ.

ರಾಯಲ್ ಗ್ರಾಮಾ ಮತ್ತು ರಾಯಲ್ ಡಾಟಿಬ್ಯಾಕ್ ಎರಡಕ್ಕೂ ಮುಂದೆ ನೇರಳೆ, ಹಿಂದೆ ಹಳದಿ. ಮೊದಲನೆಯದು ತನ್ನ ಗುಹೆಯ ಬಾಗಿಲಲ್ಲಿ ನಿಂತು ಹೆಚ್ಚೆಂದರೆ ಬಾಯಿ ಅಗಲಿಸಿ ಹೆದರಿಸುತ್ತದೆ. ಎರಡನೆಯದು ಇಡೀ ಟ್ಯಾಂಕೇ ತನ್ನ ಗುಹೆ ಅಂದುಕೊಂಡಿದೆ. ಆತುರದಲ್ಲಿ ಒಂದರ ಬದಲು ಇನ್ನೊಂದನ್ನು ತಂದವರ ಕಣ್ಣೀರಿಗೂ ಉಪ್ಪಿನ ಪ್ರಮಾಣ ಸರಿಯಾಗಿಯೇ ಇರುತ್ತದೆ.

ಲಯನ್‌ಫಿಶ್ ವಿಷಯದಲ್ಲಿ ಮಾತ್ರ ನನಗೆ ಗೌರವ. ಅದು ಜಗಳವಾಡುವುದಿಲ್ಲ, ಬೆನ್ನಟ್ಟುವುದಿಲ್ಲ, ರೆಕ್ಕೆ ಹರಡಿ ರಾಜಗಾಂಭೀರ್ಯದಿಂದ ತೇಲುತ್ತದೆ. ಬಾಯೊಳಗೆ ಹಿಡಿಸುವಂಥವರನ್ನು ನುಂಗುತ್ತದೆ, ಅಷ್ಟೇ. ಮನಸ್ಸಿನಲ್ಲಿ ದ್ವೇಷ ಇಲ್ಲ. ಬಾಕ್ಸ್‌ಫಿಶ್ ಅದಕ್ಕೂ ಒಂದು ಹೆಜ್ಜೆ ಮುಂದೆ. ಮುದ್ದಾದ ಚೌಕ ಮುಖ, ಹಳದಿ ಮೈ, ಕಪ್ಪು ಚುಕ್ಕಿ. ಯಾರಾದರೂ ಜಾಸ್ತಿ ಕಾಡಿದರೆ ಚರ್ಮದಿಂದ ವಿಷ ಬಿಡುತ್ತದೆ. ಸಮುದ್ರದಲ್ಲಾದರೆ ನೀರಲ್ಲಿ ಕರಗಿ ಹೋಗುತ್ತಿತ್ತು. ಟ್ಯಾಂಕಿನಲ್ಲಿ ಕಾಡಿದವರು, ಕಾಡದವರು, ಸುಮ್ನೆ ನೋಡುತ್ತಿದ್ದವರು ಎಲ್ಲರೂ ಒಟ್ಟಿಗೆ ಸಾಯಬಹುದು, ಅದೂ ಸೇರಿ. ಇಂಥದ್ದಕ್ಕೂ ‘ಎಚ್ಚರಿಕೆಯಿಂದ’ ಅಂತ ಬರೆಯುವವರ ತಣ್ಣನೆಯ ಮನಸ್ಸಿಗೆ ಕೈ ಮುಗಿಯಬೇಕು.

ಇನ್ನು ಮ್ಯಾಂಡರಿನ್. ನೀಲಿ, ಕಿತ್ತಳೆ, ಹಸಿರು ಗೆರೆಗಳ ಮೈ. ಯಾರ ತಂಟೆಗೂ ಹೋಗದ ಪ್ರಾಣಿ. ಎರಡು ಗಂಡುಗಳನ್ನು ಒಟ್ಟಿಗೆ ಬಿಡದಿದ್ದರೆ ಆಯಿತು, ಅದರ ಸಾಲಿನಲ್ಲಿ ಹಸಿರೋ ಹಸಿರು. ಅದು ದಿನವಿಡೀ ಕಲ್ಲಿನ ಮೇಲೆ ಕುಕ್ಕುತ್ತಾ ಕೋಪೆಪಾಡ್ ಅನ್ನುವ ಪುಟ್ಟ ಜೀವಿಗಳನ್ನು ತಿನ್ನುತ್ತದೆ. ಹೊಸ ಚಿಕ್ಕ ಟ್ಯಾಂಕಿನಲ್ಲಿ ಅವು ಬೇಗ ಖಾಲಿ. ನೀವು ಹಾಕುವ ಒಣ ಕಾಳನ್ನು ಬಹುತೇಕ ಮ್ಯಾಂಡರಿನ್‌ಗಳು ಮೂಸಿಯೂ ನೋಡುವುದಿಲ್ಲ. ಹೊಟ್ಟೆ ಒಳಕ್ಕೆ ಹೋಗಿ, ಎಲ್ಲರ ಜೊತೆ ಹೊಂದಿಕೊಂಡೇ ಸಾಯುತ್ತದೆ. ಚಾರ್ಟ್ ಸುಳ್ಳಾಗಲಿಲ್ಲ.

ಊಟಕ್ಕೆ ಅಲ್ಲಿ ಕಾಲಂ ಇಲ್ಲ. ಟ್ಯಾಂಕಿನ ಅಳತೆಗೂ ಇಲ್ಲ. ಯಾರು ಮೊದಲು ಒಳಗೆ ಹೋಗಬೇಕು ಅನ್ನುವುದಕ್ಕೂ ಇಲ್ಲ, ಅರ್ಧ ಜಗಳ ಅಲ್ಲೇ ತೀರ್ಮಾನವಾದರೂ. ಸಾಧು ಮೀನುಗಳು ಮೊದಲು, ಪುಂಡರು ಕಡೆಗೆ ಅನ್ನುವುದು ಸರಿಯಾದ ಕ್ರಮ. ಆದರೆ ಹೊಸ ನೀರಿಗೆ ‘ಗಟ್ಟಿ ಮೀನು’ ಅಂತ ಎಷ್ಟೋ ಜನ ಮೊದಲು ಬಿಡುವುದು ಡ್ಯಾಮ್ಸೆಲ್ ಅನ್ನೇ. ನೀರು ಹದಕ್ಕೆ ಬರುವಷ್ಟರಲ್ಲಿ ಹೆಬ್ಬೆರಳಿನಷ್ಟು ಗಾತ್ರದ ಆ ಮೀನು ಪ್ರತಿ ಕಲ್ಲಿಗೂ ಹಕ್ಕುದಾರ. ಆಮೇಲೆ ಬಂದ ಕ್ಲೌನ್ ಮೀನಿಗೂ ಗಾಬಿ ಮೀನಿಗೂ ಮೂಲೆಯೇ ಗತಿ. ಅದನ್ನು ಹಿಡಿದು ಹೊರಗೆ ಹಾಕೋಣ ಅಂದರೆ ಬಲೆ ಕಂಡ ಕೂಡಲೇ ಕಲ್ಲಿನ ಸಂದಿಗೆ ನುಗ್ಗುತ್ತದೆ. ಕಲ್ಲುಗಳನ್ನೆಲ್ಲ ಒಂದೊಂದಾಗಿ ತೆಗೆದು ಬಕೆಟ್ಟಿಗೆ ಹಾಕಬೇಕು. ಅರ್ಧ ನೀರು ಇಳಿಸಬೇಕು. ಮೊಣಕೈವರೆಗೆ ಕೈ ಇಳಿಸಿದರೆ, ಅಡಗುವ ಬದಲು ಬಂದು ಬೆರಳಿಗೇ ಕಚ್ಚುತ್ತದೆ. ಡ್ಯಾಮ್ಸೆಲ್ ಮತ್ತು ಯಜಮಾನನ ಕೈ, ಈ ಜೋಡಿಗೆ ಚಾರ್ಟಿನಲ್ಲಿ ಚೌಕವೇ ಇಲ್ಲ.